ಚಿನ್ನ ಗೆದ್ದವರ ಪರವಾಗಿ ಒಂದು ತಲೆ

ನಮ್ಮ ಸೋದರಮಾವನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ. ಹೆಸರಂತೂ ಕೇಳಲೇಬೇಡಿ. ಅವನಿಗೆ ನೆನಪಿರುವುದು ತಲೆ ಮಾತ್ರ! ಎದುರಿಗೆ ಬಂದು ಮಾತನಾಡಿಸಿದವರ ಕಣ್ಣು ನೋಡದೆ, ಹುಬ್ಬಿನಿಂದ ಒಂದು ಗೇಣು ಮೇಲಕ್ಕೆ ದೃಷ್ಟಿ ನೆಟ್ಟು, "ಹಾಂ, ಆಳಂದದ ಲಗ್ನದಾಗ ಗುಲಾಬಿ ಫೇಟಾ ಕಟ್ಟಿಸಿಕೊಂಡವ್ರು ನೀವೇ ಅಲ್ಲೇನ್ರಿ? ಬಲಗಡಿ ಸ್ವಲ್ಪ ತಗ್ಗದ ನೋಡ್ರಿ ನಿಮ್ಮ ತಲಿ" ಎನ್ನುತ್ತಾನೆ. ಅವರು ಗಾಬರಿಯಾಗಿ ಬಲಗಡೆ ಮುಟ್ಟಿ ನೋಡಿಕೊಳ್ಳುತ್ತಾರೆ. ತಗ್ಗು ಇದ್ದೇ ಇರುತ್ತದೆ.

ಇದು ಹುಚ್ಚಲ್ಲ, ಕಸುಬು. ಭೀಮಾ ನದಿಯ ದಂಡೆಯ ಮಣ್ಣೂರಿನಲ್ಲಿ ಅವನ ಮನೆ. ಅಫಜಲಪುರದಿಂದ ಹಿಡಿದು ಆಳಂದ, ಜೇವರ್ಗಿಯವರೆಗೆ ಯಾರ ಮನೆಯಲ್ಲಿ ಮದುವೆಯಾದರೂ ಮದುಮಗನಿಗೆ, ಬೀಗರಿಗೆ, ಬಂದ ದೊಡ್ಡವರಿಗೆ ಫೇಟಾ ಕಟ್ಟಲು ಇವನೇ ಬೇಕು. ಹತ್ತು ಮೊಳದ ಬಟ್ಟೆಯನ್ನು ಕೊಡವಿ, ಒಂದು ತುದಿ ಹಲ್ಲಲ್ಲಿ ಕಚ್ಚಿ, ಸರಸರ ಸುತ್ತಿದನೆಂದರೆ ಎಂಥ ಬೋಳು ತಲೆಯೂ ಪಾಳೇಗಾರನದಾಗುತ್ತದೆ. ನನ್ನ ಮದುವೆ ಗಟ್ಟಿಯಾದದ್ದೂ ಇವನ ಕೈಯಿಂದಲೇ. ಜೇವರ್ಗಿಯ ವರನನ್ನು ನೋಡಲು ಹೋದಾಗ ನಮ್ಮವರೆಲ್ಲ ಹುಡುಗನ ಓದು, ನೌಕರಿ, ಹೊಲ ವಿಚಾರಿಸುತ್ತ ಕೂತಿದ್ದರೆ, ಮಾವ ಹಿಂದಿನಿಂದ ಹೋಗಿ ಹುಡುಗನ ತಲೆಯ ಸುತ್ತ ಎರಡೂ ಕೈ ಆಡಿಸಿ ಬಂದು, "ತಲಿ ಛಲೋ ಅದ. ಮಾಡ್ರಿ ಲಗ್ನ" ಎಂದ. ಆಯಿತು, ಮಾಡಿದರು! ತಲೆಯ ಒಳಗೆ ಏನಿದೆ ಎಂದು ಅವನು ನೋಡಲಿಲ್ಲ. ನಾನು ಇನ್ನೂ ಹುಡುಕುತ್ತಿದ್ದೇನೆ.

ಊರಿನ ಹಿರಿಯರೊಬ್ಬರು ತೀರಿಕೊಂಡಾಗ ಎಲ್ಲರೂ "ಎಂಥಾ ಮನಷ್ಯಾ ಹೋದ" ಎಂದು ಅಳುತ್ತಿದ್ದರೆ ನಮ್ಮ ಮಾವ "ಎಂಥಾ ತಲಿ ಹೋತು!" ಎಂದು ಅತ್ತ. ನಾಟಕವಲ್ಲ, ನಿಜವಾಗಿಯೂ ಅತ್ತ. ಅತ್ತೆ ಅವನ ರಟ್ಟೆ ಹಿಡಿದು ಮನೆಗೆ ಕರೆತರಬೇಕಾಯಿತು.

ಇಂಥವನಿಗೂ ಕ್ರೀಡೆಗೂ ಏನು ಸಂಬಂಧ ಎನ್ನುತ್ತೀರಿ. ಏನೂ ಇರಲಿಲ್ಲ! ಊರೆಲ್ಲ ಕ್ರಿಕೆಟ್ ನೋಡುವಾಗ ಇವನು ಎದ್ದು ಹೋಗುತ್ತಿದ್ದ. "ಹೆಲ್ಮೆಟ್ ಹಾಕ್ಕೊಂಡು ನಿಂದರ್ತಾರ, ಒಂದು ತಲೀನೂ ಕಾಣಂಗಿಲ್ಲ" ಎಂಬುದು ಅವನ ತಕರಾರು. ಆದರೆ ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಬಸ್ ನಿಲ್ದಾಣದ ಎದುರಿನ ಮೆಹಬೂಬ ಚಾಚಾನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ, ಟೀವಿಯಲ್ಲಿ ವಿಕಲಚೇತನರ ಅಂತರರಾಷ್ಟ್ರೀಯ ಕ್ರೀಡಾಕೂಟ ಬರುತ್ತಿತ್ತು. ಮೊಣಕೈಯ ಹತ್ತಿರಕ್ಕೇ ಒಂದು ಕೈ ಮುಗಿದುಹೋದ ನಮ್ಮ ದೇಶದ ಆಟಗಾರನೊಬ್ಬ ಓಡಿ ಬಂದು ಈಟಿ ಎಸೆದ. ಪದಕ ಬಂತು. ಧ್ವಜ ಹೊದ್ದು ಮೈದಾನದ ಸುತ್ತ ಓಡಿದ. ಮಾವನ ಕೈಯ ಚಹಾದ ಬಸಿ ಬಾಯಿಗೆ ಹೋಗದೆ ನಡುವೆಯೇ ನಿಂತಿತು.

"ಮೆಹಬೂಬ್, ಆ ಹುಡುಗನ ಕೈ ನೋಡಿದಿ?"

"ದೇಖಾ ಭಾಯಿ, ನೋಡ್ದೆ."

"ಮುಚ್ಚಿಕೊಂಡಿಲ್ಲ ನೋಡು."

ಈ ಮಾತಿನ ಅರ್ಥ ಚಾಚಾನಿಗೂ ಗೊತ್ತು, ಊರಿಗೂ ಗೊತ್ತು, ನಿಮಗೂ ಈಗಲೇ ಹೇಳಿಬಿಡುತ್ತೇನೆ. ಮಾವನಿಗೆ ಒಬ್ಬಳೇ ಮಗಳು, ಶಿವಲೀಲಾ. ಹುಟ್ಟುತ್ತಲೇ ಅವಳ ಎಡಗೈ ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಬಂದು ನಿಂತುಬಿಟ್ಟಿದೆ. ಬುದ್ಧಿ ತಿಳಿದಾಗಿನಿಂದ ಹುಡುಗಿ ಆ ಕೈಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡೇ ಇರುತ್ತಾಳೆ. ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತಲ್ಲ, ಮೈಮೇಲಿನ ಚರ್ಮವೂ ಭಾರವೆನಿಸುವ ಬಿಸಿಲು! ಆಗಲೂ ದುಪಟ್ಟಾ. ಅಡುಗೆಮನೆಯಲ್ಲೂ ದುಪಟ್ಟಾ. ಮನೆಯ ಯಾವ ಫೋಟೋದಲ್ಲೂ ಆ ಕೈ ಇಲ್ಲ.

ಆದರೆ ಬಲಗೈ ಇದೆಯಲ್ಲ, ಅದರ ಸುದ್ದಿಯೇ ಬೇರೆ. ಜೋಳ ಹಾಲುಗಟ್ಟಿದಾಗ ಹಕ್ಕಿ ಕಾಯಲು ಹೊಲಕ್ಕೆ ಹೋದರೆ ಇವಳು ಬೀಸಿದ ಕಲ್ಲು ಪಕ್ಕದವರ ಹೊಲದ ಹಕ್ಕಿಯನ್ನೂ ಎಬ್ಬಿಸುತ್ತದೆ. ಅಫಜಲಪುರದ ಕಾಲೇಜಿನ ಆಟದ ಮೇಡಂ ಇದನ್ನು ಹೇಗೋ ಕಂಡುಹಿಡಿದು, ಕೈಗೆ ಈಟಿ ಕೊಟ್ಟು, ಎಸೆಯುವುದು ಕಲಿಸಿ, ಮನೆತನಕ ಬಂದು, "ಕಲಬುರಗಿಯ ವಿಕಲಚೇತನರ ತಂಡದ ಆಯ್ಕೆಗೆ ಕಳಸ್ರಿ, ಇಂಥಾ ಕೈ ನಾ ನೋಡಿಲ್ಲ" ಎಂದಿದ್ದರು. ಹೊಲದಲ್ಲಿ ಯಾರೂ ಇಲ್ಲದಾಗ ಎಸೆಯುತ್ತಾಳೆ. ದಾರಿಯಲ್ಲಿ ಒಂದು ಸೈಕಲ್ ಕಂಡರೆ ನಿಲ್ಲಿಸಿಬಿಡುತ್ತಾಳೆ. ಆಯ್ಕೆಗೆ ಮಾತ್ರ ಒಲ್ಲೆ. "ದುಪಟ್ಟಾ ಹೊತ್ತು ಈಟಿ ಒಗಿಯಾಕ ಬಿಡಂಗಿಲ್ಲಕ್ಕಾ ಅಲ್ಲಿ. ಅಷ್ಟು ಮಂದಿ ಮುಂದ ಈ ಕೈ ತೆಕ್ಕೊಂಡು ನಿಂದ್ರೂದು ನನ್ನಿಂದ ಆಗಂಗಿಲ್ಲ" ಎಂದು ನನ್ನ ಮುಂದೆಯೇ ಕಣ್ಣೀರು ಹಾಕಿದ್ದಳು.

ಮಾವ ಏನು ಮಾಡಬೇಕಿತ್ತು? ಮಗಳನ್ನು ಕೂರಿಸಿಕೊಂಡು ನಾಲ್ಕು ಬುದ್ಧಿಮಾತು ಹೇಳಬೇಕಿತ್ತು. ಊರವರ ತಲೆಯ ತಗ್ಗುದಿಬ್ಬಗಳನ್ನೆಲ್ಲ ಬಾಯಿಬಿಟ್ಟು ಸಾರುವ ಈ ಮಹಾಶಯ ಮಗಳ ಕೈಯ ವಿಷಯದಲ್ಲಿ ಮಾತ್ರ ಒಂದಕ್ಷರ ಆಡಿದವನಲ್ಲ. ಆಡಲು ಅವನಿಗೆ ಧೈರ್ಯವಿರಲಿಲ್ಲ. ಅದರ ಬದಲು ಅವನು ಮಾಡಿದ್ದೇನು ಗೊತ್ತೇ? ಪದಕ ಗೆದ್ದವರಿಗೆಲ್ಲ ಸತ್ಕಾರ ಶುರು ಮಾಡಿದ!

ಎಲ್ಲಿ? ಮಣ್ಣೂರಿನಲ್ಲಿ! ತನ್ನ ಮನೆಯ ಮುಂದೆ! ಗೆದ್ದವರು ಎಲ್ಲೋ ಸಮುದ್ರದಾಚೆ ಇದ್ದಾರೆ, ಇಲ್ಲಿ ಕುರ್ಚಿ ಹಾಕಿ, ಮೈಕು ಕಟ್ಟಿ, ಫೇಟಾ ಹಿಡಿದು ನಿಂತಿದ್ದಾನೆ. ಆದರೆ ಫೇಟಾಕ್ಕೆ ತಲೆ ಬೇಕಲ್ಲ? ನಮ್ಮ ಕಡೆ ಒಂದು ಪದ್ಧತಿ ಇದೆ. ಸತ್ಕಾರಕ್ಕೆ ಕರೆದವರು ಬರದಿದ್ದರೆ ಅವರ ಪರವಾಗಿ ತಮ್ಮನೋ ಅಳಿಯನೋ ಬಂದು ಶಾಲು ಹೊದಿಸಿಕೊಂಡು, ತೆಂಗಿನಕಾಯಿ ಇಸಿದುಕೊಂಡು ಹೋಗುತ್ತಾನೆ. ಮಾವ ಆ ಪದ್ಧತಿಯನ್ನು ಹಿಗ್ಗಿಸಿದ. ದೇಶಕ್ಕೆ ಗೆದ್ದವರಿಗೆ ದೇಶದವರೆಲ್ಲ ಬಂಧುಗಳೇ, ಆದ್ದರಿಂದ ಯಾವ ತಲೆಯಾದರೂ ನಡೆಯುತ್ತದೆ!

ಯಾವ ತಲೆಯಾದರೂ ಎಂದರೂ ಆಯ್ಕೆ ಕಟ್ಟುನಿಟ್ಟು. ಬ್ಯಾಡ್ಮಿಂಟನ್ ಪದಕದ ಪರವಾಗಿ, ಸಂಜೆಯಾದರೆ ಕರೆಂಟಿನ ಬ್ಯಾಟು ಹಿಡಿದು ಓಣಿಯ ಸೊಳ್ಳೆಗಳನ್ನೆಲ್ಲ ಚಟಚಟ ಹೊಡೆಯುವ ನಿವೃತ್ತ ಮಾಸ್ತರರು. ಭಾರ ಎತ್ತಿದವರ ಪರವಾಗಿ ಜೋಳದ ಚೀಲ ಹೊರುವ ಹಮಾಲ. ಚಿನ್ನಕ್ಕೆ ಜರಿ ಫೇಟಾ, ಬೆಳ್ಳಿಗೆ ಬಿಳಿ, ಕಂಚಿಗೆ ಕೇಸರಿ. ಆರಂಭದಲ್ಲಿ ಪದಕಗಳು ಅಪರೂಪಕ್ಕೆ ಬರುತ್ತಿದ್ದವು, ನಡೆಯಿತು. ಆಮೇಲಾಮೇಲೆ ನಮ್ಮವರು ಒಂದೇ ದಿನ ಸಾಲಾಗಿ ಗೆಲ್ಲತೊಡಗಿದಾಗ ಮಾವನ ಫಜೀತಿ ನೋಡಬೇಕಿತ್ತು! ಒಂದು ತಲೆಯಿಂದ ಬಿಚ್ಚಿ ಇನ್ನೊಂದಕ್ಕೆ ಸುತ್ತುವಷ್ಟರಲ್ಲಿ ಚಾಚಾ ಹೋಟೆಲಿನಿಂದ, "ಔರ್ ಏಕ್ ಆಯಾ ಭಾಯಿ! ಇನ್ನೊಂದ್ ಬಂತು!" ಎಂದು ಕೂಗುತ್ತಿದ್ದ. "ಸ್ವಲ್ಪ ತಡೀ ಅನ್ನಪ್ಪಾ ಅವರಿಗೆ!" ಎಂದು ಮಾವ ಇಲ್ಲಿಂದ ಕೂಗುತ್ತಿದ್ದ.

ಅಷ್ಟು ದೊಡ್ಡ ಗುಡಿಕಟ್ಟೆ ಇರುವಾಗ ಇದೆಲ್ಲ ಮನೆಯ ಮುಂದೆಯೇ, ಅದೂ ಶಿವಲೀಲಾಳ ಕೋಣೆಯ ಕಿಟಕಿಯ ಕೆಳಗೇ ಯಾಕೆ? ಅತ್ತೆ ರೊಟ್ಟಿ ಬಡಿಯುತ್ತ ನನಗೆ ಹೇಳಿದ್ದಳು: "ಊರ ಮಂದಿ ತಲಿಗೆಲ್ಲಾ ಸುತ್ತತಾನ, ಒಳಗ ಕುಂತಾಕಿ ಕಿವಿಗೆ ಬೀಳ್ಲಿ ಅಂತ. ಎದುರಿಗೆ ಹೇಳಾಕ ಬಾಯಿಲ್ಲ ನೋಡು ಈ ಗಂಡಸಿಗೆ."

ಈ 'ಪರವಾಗಿ' ಸತ್ಕಾರದಿಂದ ಆದ ಅನಾಹುತಗಳು ಒಂದೆರಡಲ್ಲ. ಹಣಮಂತ ಎಂಬ ಒಬ್ಬ ಹುಡುಗನಿದ್ದಾನೆ, ಕವಣೆ ಬೀಸುವುದರಲ್ಲಿ ಗಟ್ಟಿಗ, ಮದುವೆ ಆಗಿಲ್ಲ. ಈಟಿ ಎಸೆತದ ಚಿನ್ನ ಬಂದಾಗ ಮಾವ ಅವನಿಗೆ ಜರಿ ಫೇಟಾ ಸುತ್ತಿದ. ಮಾರನೆಯ ದಿನದಿಂದ ಹಣಮಂತನ ನಡಿಗೆಯೇ ಬದಲಾಯಿತು. ಹೋಟೆಲಿನಲ್ಲಿ ಮೊದಲ ಚಹಾ ತನಗೇ ಬರಬೇಕು ಎಂದ. ಅವನ ಗೆಳೆಯರು ಸುಮ್ಮನಿರುತ್ತಾರೆಯೇ? ಬಸ್ ನಿಲ್ದಾಣದಲ್ಲಿ ಆಳೆತ್ತರದ ಫ್ಲೆಕ್ಸ್ ನಿಲ್ಲಿಸಿದರು! ಫೇಟಾ ಸುತ್ತಿದ ಹಣಮಂತ ಕೈ ಮುಗಿದಿದ್ದಾನೆ, ಸುತ್ತಲೂ ಗೆಳೆಯರ ಮುಖಗಳು, ನಡುವೆ "ವಿಕಲಚೇತನರ ಅಂತರರಾಷ್ಟ್ರೀಯ ಕ್ರೀಡಾಕೂಟದ ಚಿನ್ನದ ಪದಕ" ಎಂದು ದೊಡ್ಡ ಅಕ್ಷರ, ಅದರ ಕೆಳಗೆ ಇರುವೆಯಷ್ಟು ಸಣ್ಣದಾಗಿ "ಪರವಾಗಿ ಸತ್ಕಾರ ಸ್ವೀಕರಿಸಿದವರು".

ಅತನೂರಿನ ಒಬ್ಬ ಗೃಹಸ್ಥರು ಬಸ್ಸಿನ ಕಿಟಕಿಯಿಂದ ದೊಡ್ಡ ಅಕ್ಷರ ಮಾತ್ರ ಓದಿಕೊಂಡರು. ಚಿನ್ನ ಗೆದ್ದವನಿಗೆ ಸರ್ಕಾರಿ ನೌಕರಿ ಗ್ಯಾರಂಟಿ ಎಂದು ಲೆಕ್ಕ ಹಾಕಿ, ವರ ನೋಡಲು ಜೀಪು ಮಾಡಿಕೊಂಡು ಬಂದೇಬಿಟ್ಟರು! ಹಣಮಂತ ಓಡಿ ಹೋಗಿ ಮಾವನನ್ನು ಕರೆತಂದ. ಮಾವನ ಬೆನ್ನಿಗೆ ನಾವೆಲ್ಲ. ಗೃಹಸ್ಥರು ಹುಡುಗನನ್ನು ಮೇಲೆ ಕೆಳಗೆ ನೋಡಿದರು. ನಿಲ್ಲಿಸಿದರು, ನಡೆಸಿದರು. ಅವರ ಮುಖ ಸಣ್ಣದಾಯಿತು.

"ಅಲ್ರಿ, ಎರಡೂ ಕೈ ನೆಟ್ಟಗವ, ಎರಡೂ ಕಾಲು ನೆಟ್ಟಗವ. ಮತ್ತ ಈ ಹುಡುಗ ಆ ಕೂಟದಾಗ ಗೆದ್ದಾನಂದ್ರ ಇದು ಮೋಸ ಅಲ್ಲೇನ್ರಿ?"

"ಗೆದ್ದಾಂವ ಬ್ಯಾರೆ ಅದಾನ್ರಿ," ಎಂದ ಹಣಮಂತ ತಲೆ ಕೆರೆಯುತ್ತ.

"ಹಂಗಂದ್ರ ಪದಕ ಎಲ್ಲದ?"

"ಪದಕ ಅವರ ಬಲ್ಲಿ ಅದರಿ. ಮರ್ಯಾದಿ ನನ್ನ ಬಲ್ಲಿ ಅದ."

ಹುಡುಗನಿಗೆ ಕೈಕಾಲೆಲ್ಲ ಸರಿಯಾಗಿವೆ ಎಂದು ಹೆಣ್ಣಿನವರು ಸಿಟ್ಟಾಗಿ ಎದ್ದು ಹೋದದ್ದು ನಮ್ಮ ತಾಲ್ಲೂಕಿನಲ್ಲಿ ಬಹುಶಃ ಅದೇ ಮೊದಲು! ನಾನು ಮನೆಗೆ ಬಂದು ಈ ಕಥೆ ಹೇಳುವಾಗ ಶಿವಲೀಲಾ ಹೊಟ್ಟೆ ಹಿಡಿದು ನಕ್ಕಳು. ದುಪಟ್ಟಾ ಜಾರಿತು. ತಕ್ಷಣ ಸರಿಮಾಡಿಕೊಂಡಳು. ಮಾವ ಅದನ್ನು ನೋಡಿ ಎದ್ದು ಹೊರಗೆ ಹೋದ.

ಮಾವನಿಗೆ ಇನ್ನೊಂದು ನಿಯಮವಿತ್ತು. ಅವನ ಮೈಕಿನಲ್ಲಿ ಯಾರೂ "ಪಾಪ" ಎನ್ನಕೂಡದು. ಒಮ್ಮೆ ಪಂಚಾಯಿತಿಯ ದೊಡ್ಡ ಸದಸ್ಯರು ತಾವಾಗಿಯೇ ಬಂದು, ಓಟದ ಬೆಳ್ಳಿಯ ಪರವಾಗಿ ಫೇಟಾ ಸುತ್ತಿಸಿಕೊಂಡು, ಭಾಷಣಕ್ಕೆ ನಿಂತರು. "ಪಾಪ, ದೇವರು ಅವರಿಗೆ ಅನ್ಯಾಯ ಮಾಡಿದರೂ..." ಎಂದು ಶುರು ಮಾಡಿದ್ದೇ ತಡ, ಮಾವ ಹಿಂದಿನಿಂದ ಹೋಗಿ ಫೇಟಾದ ತುದಿ ಹಿಡಿದು ಎಳೆದ! ಸದಸ್ಯರು ಮಾತನಾಡುತ್ತಲೇ ಇದ್ದಾರೆ, ಫೇಟಾ ಬಿಚ್ಚುತ್ತಲೇ ಇದೆ. ಕಡೆಗೆ ಬೋಳು ತಲೆಗೆ ಗಾಳಿ ತಾಗಿದಾಗ ಅವರಿಗೆ ಗೊತ್ತಾಯಿತು.

"ಏನ್ ಮಾಡಾಕತ್ತಿ ಲೇ?"

"ಪಾಪ ಅಂದ್ರಿ ನೀವು. ಅವ್ರು ಅಷ್ಟು ಜೋರು ಓಡ್ಯಾರ, ನೀವು ನಮ್ಮ ಮನಿ ಮೆಟ್ಟಲಾ ಏರೂದ್ರಾಗ ಎರಡು ಸಲ ಕುಂತ್ರಿ. ಪಾಪ ಯಾರು?"

ಮಂದಿ ಚಪ್ಪಾಳೆ ಹೊಡೆದರು. ಸದಸ್ಯರು ಮುಂದೆ ಒಂದು ವರ್ಷ ಈ ಓಣಿಗೆ ಬರಲಿಲ್ಲ, ಬೀದಿ ದೀಪವೂ ಬರಲಿಲ್ಲ. ಅತ್ತೆ ಕತ್ತಲಲ್ಲಿ ನೀರು ತರುವಾಗೆಲ್ಲ ಗಂಡನಿಗೆ ಮಂಗಳಾರತಿ ಮಾಡುತ್ತಿದ್ದಳು.

ಈಗ ಇತ್ತೀಚಿನ ಕೂಟದ ಸುದ್ದಿಗೆ ಬರುತ್ತೇನೆ. ನಾನು ಜೇವರ್ಗಿಯಿಂದ ಮಾವನ ಮನೆಗೆ ಹೋಗಿದ್ದೆ. ಆ ವರ್ಷದ ಕಲಬುರಗಿಯ ಆಯ್ಕೆಗೆ ವಾರ ಉಳಿದಿತ್ತು, ಆಟದ ಮೇಡಂ ಎರಡು ಸಲ ಫೋನು ಮಾಡಿದ್ದರು, ಶಿವಲೀಲಾ ಎತ್ತಿರಲಿಲ್ಲ. ಅಂದು ಸಂಜೆ ಚಾಚಾ ಕೂಗಲಿಲ್ಲ. ಹೋಟೆಲು ಬಿಟ್ಟು ತಾನೇ ಓಡುತ್ತ ಬಂದ. ಹೆಣ್ಣುಮಕ್ಕಳ ಈಟಿ ಎಸೆತದಲ್ಲಿ ನಮ್ಮ ದೇಶದ ಒಬ್ಬಳಿಗೆ ಕಂಚಿನ ಪದಕ ಬಂದಿತ್ತು. "ಭಾಯಿ," ಎಂದು ದನಿ ಇಳಿಸಿ, ಕಿಟಕಿಯ ಕಡೆ ಕಣ್ಣು ಮಾಡಿ, "ಆ ಹುಡುಗಿ ಕೈ ಸುದ್ದಾ ಹೀಂಗs ಅದ. ಬಿಲ್ಕುಲ್ ಹೀಂಗs" ಎಂದ.

ಮಾವ ಎದ್ದ. ಕುರ್ಚಿ ತಂದು ಹಾಕಿದ. ಪೆಟ್ಟಿಗೆಯಿಂದ ಜರಿ ಫೇಟಾ ತೆಗೆದ.

"ಕಂಚಿಗೆ ಕೇಸರಿ ಅಲ್ಲೇನು?" ಎಂದ ಚಾಚಾ.

"ಇವತ್ತ ಇದs."

ಮಂದಿ ಸೇರಿತು. ಹಣಮಂತ ಕೂದಲು ಬಾಚಿಕೊಂಡು ಮುಂದೆ ಬಂದ, ಮಾವ ಅವನನ್ನು ಕೈಸನ್ನೆಯಲ್ಲೇ ಹಿಂದೆ ಕಳಿಸಿದ. ಮಾಸ್ತರರು ಎದ್ದರು, ಅವರನ್ನೂ ಕೂರಿಸಿದ. ಕುರ್ಚಿ ಖಾಲಿ. ಯಾರ ತಲೆಗಾಗಿ ಆ ಫೇಟಾ ಕಾಯುತ್ತಿದೆ ಎಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಕಿಟಕಿಯ ಒಳಗಿದ್ದವಳಿಗೂ ಗೊತ್ತಿತ್ತು. ಮಾವ ಮೈಕು ಹಿಡಿದ, ಕೆಮ್ಮಿದ, ಕರೆಯಲಿಲ್ಲ. ಕರೆಯಬಾರದು, ತಾನಾಗಿ ಬರಬೇಕು ಎಂಬುದು ಅವನ ಹಟ. ಅಷ್ಟೇ ಅಲ್ಲ, ಕರೆದೂ ಬಾರದಿದ್ದರೆ ಎಂಬ ಭಯ. ನಾನು ಒಳಗೆ ಹೋಗಿ ನೋಡಿದರೆ ಶಿವಲೀಲಾ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. "ಹೊರಗ ಬಾರವ್ವಾ" ಎಂದೆ. ಒಲ್ಲೆನೆಂದು ತಲೆಯಾಡಿಸಿದಳು.

ಅಡುಗೆಯ ಹೊತ್ತಾಯಿತು, ಮಂದಿ ಒಬ್ಬೊಬ್ಬರಾಗಿ ಎದ್ದರು. ಯಾರೂ ನಗಲಿಲ್ಲ. ಮಾವ ಫೇಟಾ ಮಡಚಿಟ್ಟ, ಚಾಚಾ ಕುರ್ಚಿ ಎತ್ತಿಟ್ಟ. ಊಟಕ್ಕೆ ಕೂತಾಗ ಮಾವ ರೊಟ್ಟಿ ಮುರಿದು, ಹಾಗೇ ಬಿಟ್ಟು ಎದ್ದ.

ಬೆಳಿಗ್ಗೆ ಅವನು ಅಂಗಳದಲ್ಲಿ ಹಲ್ಲು ಉಜ್ಜುತ್ತ ಕೂತಿದ್ದಾಗ ಶಿವಲೀಲಾ ಬಂದು ಎದುರಿಗೆ ನಿಂತಳು. ಕಣ್ಣು ಕೆಂಪಾಗಿದ್ದವು.

"ಅಪ್ಪಾ, ನಾ ನಿನ್ನೆ ಯಾಕ ಬರಲಿಲ್ಲ ಅಂದ್ರ..." ಎಂದು ತಡೆದಳು. "ನಾ ಯಾರ ಪರವಾಗಿನೂ ಕುಂದ್ರಂಗಿಲ್ಲ. ಆಕಿ ಒಗದಾಳ, ಆಕಿಗೆ ಫೇಟಾ. ನಾ ಒಗಿಯದs ಯಾಕ ಸುತ್ತಿಸ್ಕೋಬೇಕು? ಕಲಬುರಗಿಗೆ ಕರ್ಕೊಂಡು ಹೋಗತಿಯೇನು ಹೇಳು."

ಮಾವ ಬಾಯಲ್ಲಿದ್ದ ಹಲ್ಲುಪುಡಿ ನುಂಗಿಬಿಟ್ಟ.

ಕಲಬುರಗಿಗೆ ಹೋದದ್ದು ನಾವು ಮೂವರು. ಬಸ್ಸಿನಲ್ಲಿ ಹುಡುಗಿ ದುಪಟ್ಟಾದ ಅಂಚು ಬಿಗಿಯಾಗಿ ಹಿಡಿದುಕೊಂಡು ಕೂತಿದ್ದಳು. ಮಾವ ಹೆದರಿಕೆಗೆ ಒಂದೇ ಸಮನೆ ಮಾತಾಡುತ್ತಿದ್ದ. ಡ್ರೈವರನ ತಲೆ ಹಿಂದೆ ಚಪ್ಪಟೆ, ಕಂಡಕ್ಟರನ ತಲೆಗೆ ಹಸಿರು ಒಪ್ಪುವುದಿಲ್ಲ, ಇಂಥವೇ. ಮೈದಾನದಲ್ಲಿ ನೋಡಿದರೆ, ಊರೂರಿನ ಹುಡುಗ ಹುಡುಗಿಯರು! ಊರುಗೋಲು ಪಕ್ಕಕ್ಕಿಟ್ಟು ಬಾಳೆಹಣ್ಣು ತಿನ್ನುವವರು, ಗಾಲಿಕುರ್ಚಿಯಲ್ಲಿ ಕೂತು ಜಗಳಾಡುವವರು, ಒಬ್ಬರ ಬೂಟಿನ ದಾರ ಇನ್ನೊಬ್ಬರು ಕಟ್ಟುವವರು. ಒಬ್ಬ ಹುಡುಗಿ ಶಿವಲೀಲಾಳ ಹತ್ತಿರ ಬಂದು, "ನೀ ಎಷ್ಟು ದೂರ ಒಗಿತಿ?" ಎಂದು ಕೇಳಿದಳು. ಅಷ್ಟೇ ಕೇಳಿದಳು. ನಮ್ಮ ಹುಡುಗಿಗೆ ಹೊಸಬರು ಕೈಯ ವಿಷಯ ಬಿಟ್ಟು ಬೇರೇನನ್ನಾದರೂ ಮೊದಲು ಕೇಳಿದ್ದು ನಾನು ಕಂಡಿರಲಿಲ್ಲ.

ಹೆಸರು ಕೂಗಿದರು. "ಮಣ್ಣೂರಿನ ಶಿವಲೀಲಾ." ಅವಳು ಎದ್ದು ನಿಂತಳು. ಒಂದು ಸಲ ಮೈದಾನ ನೋಡಿದಳು, ಒಂದು ಸಲ ಅಪ್ಪನನ್ನು ನೋಡಿದಳು. ಆಮೇಲೆ ದುಪಟ್ಟಾ ತೆಗೆದು ನನ್ನ ಮಡಿಲಿಗೆ ಹಾಕಿ, "ಹಿಡೀ ಅಕ್ಕಾ" ಎಂದು ಹೊರಟಳು.

ಯಾವ ಊರಿನವರೋ, ಯಾರ ಮಕ್ಕಳೋ ಗೆದ್ದಾಗ ಇಡೀ ಮಣ್ಣೂರಿಗೆ ಕೇಳುವಂತೆ ಕೂಗಿದ ಮಾವ ಈಗ ಎರಡೂ ಮೊಣಕಾಲಿನ ನಡುವೆ ತಲೆ ತಗ್ಗಿಸಿ ಕೂತಿದ್ದ.

"ಮಾಮಾ, ನೋಡು, ಈಟಿ ಹಿಡದಾಳ."

"ನೀ ನೋಡಿ ಹೇಳ್ ಬೇ. ನನಗ ಏನೂ ಕಾಣವಲ್ದು."

ಅಳುತ್ತಿದ್ದ. ಹೆಗಲೆಲ್ಲ ಕುಲುಕುವಂತೆ ಅಳುತ್ತಿದ್ದ. ಅತ್ತ ಅವಳು ಓಡಿದಳು. ಬಲಗೈ ಹಿಂದಕ್ಕೆ ಹೋಯಿತು, ಆ ಸಣ್ಣ ಎಡಗೈ ಬಿಸಿಲಿನಲ್ಲಿ ಎಲ್ಲರ ಕಣ್ಣಮುಂದೆ ಮೇಲೆದ್ದು ಮುಂದಕ್ಕೆ ಚಾಚಿತು. ಮಂದಿ ಓ ಎಂದರು.

"ಎಲ್ಲಿ ಬಿತ್ತು? ಹೇಳ್ ಬೇ, ಎಲ್ಲಿ ಬಿತ್ತು?"

ನಾನೇನು ಹೇಳಲಿ? ನಾನು ಆ ಕೈಯನ್ನಷ್ಟೇ ನೋಡಿದ್ದೆ. ಇಷ್ಟು ವರ್ಷ ಜೊತೆಗಿದ್ದೂ ಅದನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಆಮೇಲೆ ನನ್ನ ಕಣ್ಣೂ ತುಂಬಿ ಈಟಿ ಎತ್ತ ಹೋಯಿತೋ ಕಾಣಲಿಲ್ಲ. "ದೂರ ಬಿತ್ತು ಮಾಮಾ, ಭಾಳ ದೂರ" ಎಂದೆ.

ಅವಳು ಏದುಸಿರು ಬಿಡುತ್ತ ನಮ್ಮ ಹತ್ತಿರ ಓಡಿ ಬಂದಳು. "ಅಪ್ಪಾ, ನೋಡ್ದಿ?"

"ನೋಡ್ದೆವ್ವಾ, ಎಲ್ಲಾ ನೋಡ್ದೆ."

"ಎಲ್ಲಿ ಬಿತ್ತು ಹೇಳು?"

ಮಾವ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. "ದೂರ," ಎಂದ, "ಭಾಳ ದೂರ."

ಶಿವಲೀಲಾ ಜೋರಾಗಿ ನಕ್ಕಳು. "ಗೆರಿ ತುಳದೇನಿ ಅಪ್ಪಾ, ಅದು ಲೆಕ್ಕಕ್ಕ ಹಿಡಿಯಂಗಿಲ್ಲ. ಇನ್ನಾ ಒಗಿಯೂದದ. ಕಣ್ಣು ಒರಸ್ಕೊಂಡು ಕುಂದ್ರು, ಈ ಸಲ ಖರೇನ ನೋಡು."

ಮಾವ ನನ್ನ ಮಡಿಲಿನಿಂದ ದುಪಟ್ಟಾ ಎಳೆದುಕೊಂಡು ಕಣ್ಣು ಒರೆಸಿಕೊಂಡ, ಮೂಗು ಒರೆಸಿಕೊಂಡ, ಆಮೇಲೆ ಅದು ಯಾರದೆಂದು ನೆನಪಾಗಿ ಗಾಬರಿಯಿಂದ ಅವಳ ಕಡೆ ಚಾಚಿದ. ಅವಳು ಅದನ್ನು ಇಸಿದುಕೊಳ್ಳಲಿಲ್ಲ. "ಇರ್ಲಿ ತಗೋ" ಎಂದು, ಹಾಗೇ ಮೈದಾನಕ್ಕೆ ಓಡಿ ಹೋದಳು.